ಅಂಚಿನಲ್ಲಿ ಬರೆದ ಆರು ನಂಬರು

ಜಗಳ ಬಿಡಿಸುವ ಕೆಲಸ ಬೇಕೆಂದು ನಾನು ಅರ್ಜಿ ಹಾಕಿರಲಿಲ್ಲ. ಧಾರವಾಡದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಪುಣೆಯ ಬಿಬವೇವಾಡಿಯಲ್ಲಿದ್ದ ಸೋದರತ್ತೆಯ ಮನೆ ಸೇರಿಕೊಂಡು, ಪಿಂಪ್ರಿಯ ಆಚೆಗಿದ್ದ ಒಂದು ಪಂಪ್ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಮರ್ ಆಗಿ ಹಾಜರಾದಾಗ ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಹೊರಗೆ ಸುಡುಸುಡು ಬಿಸಿಲಿದ್ದರೂ ಒಳಗೆ ನಾನು ಸೆರಗು ಹೊದ್ದುಕೊಂಡು ಕೂರುತ್ತಿದ್ದೆ. ಆ ತಂಪು ಯಂತ್ರಕ್ಕಾಗಿಯೇ ಹೊರತು ನಮಗಾಗಿ ಅಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ನಾವು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು. ಪ್ರೋಗ್ರಾಮನ್ನು ಚೌಕಳಿ ಹಾಳೆಯ ಮೇಲೆ ಕೈಯಲ್ಲಿ ಬರೆಯುತ್ತಿದ್ದೆವು. ಪಂಚಿಂಗ್ ವಿಭಾಗದವರು ಅದನ್ನು ರಟ್ಟಿನ ಕಾರ್ಡುಗಳ ಮೇಲೆ ತೂತು ತೂತಾಗಿ ಇಳಿಸುತ್ತಿದ್ದರು. ಯಂತ್ರ ಆ ಕಾರ್ಡುಗಳನ್ನು ಓದಿ, ಇಡೀ ಪ್ರೋಗ್ರಾಮನ್ನು ಅಗಲವಾದ ಉದ್ದನೆಯ ಕಾಗದದ ಮೇಲೆ ಮುದ್ರಿಸಿ ಕೊಡುತ್ತಿತ್ತು. ಅದಕ್ಕೆ ಲಿಸ್ಟಿಂಗ್ ಎಂದು ಹೆಸರು. ಈ ಲಿಸ್ಟಿಂಗನ್ನು ಚಹಾದ ಮೇಜಿನ ಪಕ್ಕದ ಮರದ ಕೋಲಿಗೆ ಮೂರು ದಿನ ತೂಗುಹಾಕುತ್ತಿದ್ದೆವು. ಹೋಗುವವರು ಬರುವವರು ಓದಿ, ಎಲ್ಲಿ ಎಡವಟ್ಟು ಕಂಡರೂ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಷರಾ ಬರೆಯಬೇಕು. ಶನಿವಾರ ಎಲ್ಲರೂ ಕೂತು ಆ ಷರಾಗಳನ್ನು ಒಂದೊಂದಾಗಿ ತೀರಿಸಬೇಕು. ಅದಾದ ಮೇಲೆಯೇ ಪ್ರೋಗ್ರಾಮು ನಿಜವಾದ ಕೆಲಸಕ್ಕೆ ಇಳಿಯುತ್ತಿತ್ತು.

ಕೇಳಲು ಚೆಂದ. ಆದರೆ ನಾನು ಸೇರಿದ ಹೊಸದರಲ್ಲಿ ಆ ಅಂಚು ಕುಸ್ತಿಯ ಕಣವಾಗಿತ್ತು. ಇಬ್ಬರು ಹಿರಿಯ ಪ್ರೋಗ್ರಾಮರುಗಳಿಗೆ ಪರಸ್ಪರ ಆಗುತ್ತಿರಲಿಲ್ಲ. ಒಬ್ಬರು 'ಈ ಸಾಲು ಅನವಶ್ಯಕ' ಎಂದು ಬರೆದರೆ, ಇನ್ನೊಬ್ಬರು ಅದರ ಕೆಳಗೆ 'ನಿಮ್ಮನ್ನು ಕೇಳಿದವರು ಯಾರು' ಎಂದು ಬರೆಯುತ್ತಿದ್ದರು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಪ್ರೋಗ್ರಾಮು ಎಲ್ಲೋ ಉಳಿದು, ಯಾರಿಗೆ ಯಾರ ವಶೀಲಿಯಿಂದ ನೌಕರಿ ಸಿಕ್ಕಿತೆಂಬ ಚರ್ಚೆ ನಡೆದಿರುತ್ತಿತ್ತು. ಒಮ್ಮೆಯಂತೂ 'ಇದನ್ನು ಬರೆದವನ ತಲೆ ಪರೀಕ್ಷೆ ಮಾಡಿಸಿ' ಎಂದು ಒಬ್ಬರು ಇಂಗ್ಲಿಷಿನಲ್ಲಿ ಗೀಚಿದ್ದನ್ನು ಪಂಚಿಂಗ್ ವಿಭಾಗದ ಹೊಸ ಹುಡುಗಿ ತಿದ್ದುಪಡಿಯೆಂದೇ ತಿಳಿದು ಕಾರ್ಡಿಗೆ ಇಳಿಸಿಬಿಟ್ಟಳು. ಇಂಥ ಆಜ್ಞೆ ತನಗೆ ಗೊತ್ತಿಲ್ಲ ಎಂದು ಯಂತ್ರ ಮುದ್ರಿಸಿ ಕೊಟ್ಟಿತು. ಆಫೀಸಿನಲ್ಲಿ ಇದ್ದವರಲ್ಲಿ ಅದಕ್ಕೊಂದಕ್ಕೇ ಸಭ್ಯತೆ ಇದೆ ಎಂದು ನಾನು ಜೋರಾಗಿ ಹೇಳಿದೆ.

ಜೋರಾಗಿ ಹೇಳಿದ್ದು ನಮ್ಮ ಸಾಹೇಬರಿಗೆ ಕೇಳಿಸಿತು. ವಿಭಾಗದ ಮುಖ್ಯಸ್ಥರಾದ ಅವರು ಹಳೆಯ ಪುಣೆಯ ಪೇಟೆಯಲ್ಲಿ ಹುಟ್ಟಿ ಬೆಳೆದವರು, ಒಂದು ಮಾತು ಸಾಕಾದ ಕಡೆ ಅರ್ಧವನ್ನೇ ಆಡುವವರು. ನನ್ನನ್ನು ಕರೆದು, "ಇನ್ನು ಮುಂದೆ ಷರಾಗಳನ್ನು ನೀವು ಸಂಭಾಳಿಸಿ" ಎಂದರು. ಹೇಗೆ ಎಂದು ಕೇಳಿದೆ. "ಅದೂ ನಿಮ್ಮದೇ" ಎಂದರು.

ನನಗೋ ಕೋಪ ಮೂಗಿನ ತುದಿಯಲ್ಲಿ. ಆದರೆ ಅಂಥವರಿಗೇ ಕಟ್ಟುಪಾಡಿನ ಬೆಲೆ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನನ್ನ ಅನುಭವ. ಒಂದು ಮಧ್ಯಾಹ್ನ ಕೂತು ನಿಯಮ ಮಾಡಿದೆ. ಷರಾದ ಕೆಳಗೆ ಬರೆದವರ ಸಹಿ ಇರಬೇಕು. ಷರಾ ಪ್ರೋಗ್ರಾಮಿನ ಬಗ್ಗೆ ಇರಬೇಕು, ಬರೆದವರ ಬಗ್ಗೆ ಅಲ್ಲ. ಯಾಕೆ ಹಾಗೆ ಅನ್ನಿಸಿತು ಎಂಬ ಕಾರಣ ಜೊತೆಯಲ್ಲೇ ಇರಬೇಕು, ಕಾರಣವಿಲ್ಲದ ಷರಾ ಷರಾವೇ ಅಲ್ಲ. ಪ್ರೋಗ್ರಾಮು ಬರೆದವರು ನೀಲಿ ಶಾಯಿಯಲ್ಲಿ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾದರೆ ಷರಾದ ಮೇಲೆ ಅಡ್ಡಗೆರೆ ಎಳೆಯಬೇಕು, ಆದರೆ ಆ ಗೆರೆಯನ್ನು ಷರಾ ಬರೆದವರೇ ಎಳೆಯಬೇಕು. ಬೇರೆ ಯಾರೂ, ಸಾಹೇಬರೂ ಸಹ, ಎಳೆಯುವಂತಿಲ್ಲ. ಈ ಕೊನೆಯ ನಿಯಮದ ಬಗ್ಗೆ ನನಗೆ ವಿಪರೀತ ಹೆಮ್ಮೆ. ತನ್ನ ಮಾತು ಮುಗಿಯಿತೋ ಇಲ್ಲವೋ ಎಂದು ಹೇಳುವ ಹಕ್ಕು ಮಾತಾಡಿದವರಿಗೇ ಇದ್ದರೆ ಅರ್ಧ ಜಗಳ ತಾನಾಗಿ ಇಳಿಯುತ್ತದೆ. ಎರಡೇ ತಿಂಗಳಲ್ಲಿ ಆ ಇಬ್ಬರು ಹಿರಿಯರು 'ಕೃಪೆ ಮಾಡಿ' ಎಂದು ಷರಾ ಶುರುಮಾಡತೊಡಗಿದರು. ಇದು ಉತ್ಪ್ರೇಕ್ಷೆಯಲ್ಲ.

ಮನೆಯಲ್ಲಿ ಅತ್ತೆಗೆ ಮಾತ್ರ ನನ್ನ ಕೆಲಸ ಕೊನೆಯವರೆಗೂ ಅರ್ಥವಾಗಲಿಲ್ಲ. "ದಿನಾ ಮಂದಿ ಬರದದ್ದು ತಿದ್ದಿ ಬರ್ತೀ ಅಂದ್ರ ಅದು ಸಾಲಿ ಕೆಲಸಾನ ಆತಲ್ಲ! ಅದಕ್ಕ ಅಷ್ಟ ದೂರ ಬಸ್ಸಿನ್ಯಾಗ ಯಾಕ ಹೋಗಬೇಕು?" ಎನ್ನುತ್ತಿದ್ದಳು. ಶಾಲೆಯಲ್ಲಿ ಮಕ್ಕಳು ತಿರುಗಿ ಬೈಯುವುದಿಲ್ಲ ಅತ್ತಿ ಎಂದು ನಾನು ಹೇಳುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಒಂದು ದೊಡ್ಡ ಕೆಲಸ ಬಂತು. ಕಾರ್ಖಾನೆಯ ಕೆಲಸಗಾರರಿಗೆ ಯಾವ ವಾರ ಯಾವ ಪಾಳಿ ಎಂದು ಪಟ್ಟಿ ಮಾಡುವುದನ್ನು ಕಂಪ್ಯೂಟರಿಗೆ ಒಪ್ಪಿಸಬೇಕು. ಮುಂಜಾನೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿ, ವಾರಕ್ಕೊಮ್ಮೆ ಬದಲು. ಅಲ್ಲಿಯವರೆಗೆ ಈ ಪಟ್ಟಿಯನ್ನು ಹಾಜರಿ ಆಫೀಸಿನ ಒಬ್ಬ ಟೈಮ್ ಕೀಪರ್ ಹತ್ತೊಂಬತ್ತು ವರ್ಷದಿಂದ ಕೈಯಲ್ಲೇ ಬರೆಯುತ್ತಾ ಬಂದಿದ್ದರು. ಬೆಳಗಾವಿ ಕಡೆಯವರು, ಬಿಳಿ ಟೋಪಿ, ಗುಂಡುಗುಂಡಾದ ಮರಾಠಿ ಅಕ್ಷರ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಹೆಂಗಸರಿಗೆ ಮರ್ಯಾದೆ ಕೊಟ್ಟು ಕರೆಯುವಂತೆ ಬಾಯಾರ ಎನ್ನುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ಪ್ರೋಗ್ರಾಮು ನಡೆಯಿತೆಂದರೆ ಅವರ ಕೈಗೆ ಕೆಲಸವಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪ್ರೋಗ್ರಾಮು ಪರೀಕ್ಷಿಸಲು ಸಾಹೇಬರು ಅವರನ್ನೂ ಕರೆಸಿದರು. ಕಾಕಾ ದಿನಾ ಊಟದ ಬಿಡುವಿನಲ್ಲಿ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ಕೋಲಿಗೆ ತೂಗುಹಾಕಿದ ಕಾಗದದ ಮುಂದೆ ಕನ್ನಡಕ ಏರಿಸಿ ನಿಲ್ಲುತ್ತಿದ್ದರು. ಪ್ರೋಗ್ರಾಮಿನ ಭಾಷೆ ಅವರಿಗೆ ಬರುತ್ತಿರಲಿಲ್ಲ. ಆದರೆ ಪ್ರೋಗ್ರಾಮು ಎರಕದ ವಿಭಾಗಕ್ಕೆ ತಯಾರಿಸಿದ ಪರೀಕ್ಷೆಯ ಪಟ್ಟಿಯೊಂದನ್ನು ಜೊತೆಗೆ ಲಗತ್ತಿಸಿದ್ದೆ, ಅದನ್ನು ಓದಿ ಷರಾ ಬರೆಯುತ್ತಿದ್ದರು. ಕೆಲವು ಷರಾಗಳಂತೂ ನನ್ನ ಕಣ್ಣು ತೆರೆಸಿದವು. ಕಬ್ಬಿಣ ಕರಗಿಸುವ ಭಟ್ಟಿಯನ್ನು ಆರಿಸುವಂತಿಲ್ಲ, ಆದ್ದರಿಂದ ಕಾರ್ಖಾನೆಗೆಲ್ಲ ರಜೆ ಇದ್ದ ದಿನವೂ ಭಟ್ಟಿಯವರು ಸರದಿಯ ಮೇಲೆ ಬರಬೇಕು. ನಾನು ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟಿದ್ದೆ. "ಎರಕ ಗಟ್ಟಿ ಆಗಿ ಭಟ್ಟಿ ಒಡೀಬೇಕಾಗ್ತಿತ್ತು ಬಾಯಾರ" ಎಂದು ಕಾಕಾ ನಕ್ಕರು. ತಿದ್ದಿಕೊಂಡೆ, ಅವರು ಗೆರೆ ಎಳೆದರು. ಹೀಗೆ ನಲವತ್ತೊಂದು ಷರಾ ಬರೆದರು, ನಲವತ್ತೊಂದಕ್ಕೂ ಉತ್ತರ ಕೊಟ್ಟೆ.

ನಲವತ್ತೆರಡನೆಯದು ಬೇರೆ ತರಹದ್ದು. ಪರೀಕ್ಷೆಯ ಪಟ್ಟಿಯ ಅಂಚಿನಲ್ಲಿ ಆರು ಕೆಲಸಗಾರರ ಹಾಜರಿಯ ಟಿಕೆಟ್ ನಂಬರು ಬರೆದು, ಪಕ್ಕದಲ್ಲಿ ಒಂದು ಕಂಸ ಹಾಕಿ, 'ಇವರನ್ನು ಬೇರೆ ಬೇರೆ ಇಡಿ' ಎಂದು ಮರಾಠಿಯಲ್ಲಿ ಬರೆದಿದ್ದರು. ಕೆಳಗೆ ಸಹಿ. ಕಾರಣ ಇಲ್ಲ.

ಅವರನ್ನು ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿದೆ. "ಕಾಕಾ, ಇದಕ್ಕ ಕಾರಣ ಬರದಿಲ್ಲ ನೀವು."

"ಬರಿಯೂ ಅಂಥಾ ಕಾರಣ ಏನಿಲ್ರಿ ಬಾಯಾರ. ಎರಡೆರಡು ಮಂದಿ ಮಾಡಿ ಮೂರೂ ಪಾಳ್ಯಾಗ ಹಾಕಿಬಿಡ್ರಿ. ಅಷ್ಟ."

"ಹಂಗ ಹಾಕಬೇಕಂತ ಯಾವ ನಿಯಮದಾಗ ಅದ?"

"ನಿಯಮದಾಗ ಇಲ್ರಿ."

"ಮತ್ತ?"

"ನಾ ಹೇಳಿದ್ನೆಲ್ರಿ" ಎಂದವರು ಚಪ್ಪಲಿ ಮೆಟ್ಟಿ ಇಳಿದುಹೋದರು.

ಆ ಆರು ನಂಬರುಗಳ ಹೆಸರು ತೆಗೆಸಿ ನೋಡಿದೆ. ಆರೂ ಜನ ಗುಲ್ಬರ್ಗಾ ಕಡೆಯವರು, ಒಂದೇ ದಿನ ಕೆಲಸಕ್ಕೆ ಸೇರಿದವರು, ಎರಕದ ವಿಭಾಗದಲ್ಲಿ ತುಂಡುಗಳನ್ನು ಉಜ್ಜಿ ನಯ ಮಾಡುವವರು. ಒಂದೇ ದಿನ ಸೇರಿದ್ದರಿಂದ ನಂಬರುಗಳೂ ಸಾಲಾಗಿದ್ದವು. ನನ್ನ ಪ್ರೋಗ್ರಾಮು ನಂಬರಿನ ಕ್ರಮದಲ್ಲೇ ಜನರನ್ನು ಮೂರು ಭಾಗ ಮಾಡುತ್ತಿದ್ದುದರಿಂದ ಆರೂ ಜನ ಒಂದೇ ಪಾಳಿಗೆ ಬಿದ್ದಿದ್ದರು. ನನ್ನ ಪಕ್ಕದ ಮೇಜಿನ ಪ್ರೋಗ್ರಾಮರ್ ಇಣುಕಿ ನೋಡಿ, "ಓಹೋ, ಎಲ್ಲ ನಿಮ್ಮ ಕಾನಡಿ ಮಂಡಳಿಯೇ!" ಎಂದು ನಕ್ಕ. ಅವನು ನಕ್ಕದ್ದೇ ನನಗೆ ಚುಚ್ಚಿತು.

ಈಗ ನೇರವಾಗಿ ಹೇಳುತ್ತೇನೆ. ನನಗೆ ಆಗ ಎರಡು ವಿಚಾರ ಬಂದವು, ಎರಡೂ ಕೆಟ್ಟವು. ಕಾಕಾ ತಮ್ಮ ಕಡೆಯ ಜನರಿಗೆ ಏನೋ ಅನುಕೂಲ ಮಾಡಿಕೊಡುತ್ತಾ ಬಂದಿದ್ದಾರೆ ಎಂಬುದು ಒಂದು. ಕಾರಣವಿಲ್ಲದ ಷರಾವನ್ನು ನಾನು ಒಪ್ಪಿಕೊಂಡರೆ, ಕನ್ನಡದವಳು ಕನ್ನಡದವರ ಪರ ವಹಿಸಿದಳು ಎಂದು ಆಫೀಸೆಲ್ಲ ಆಡಿಕೊಳ್ಳುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ನ್ಯಾಯ ಎಂದುಕೊಂಡೆ. ಎರಡನೆಯದು ಬರೀ ಹೆದರಿಕೆ, ಆದರೆ ಅದು ಹೆದರಿಕೆ ಎಂದು ಒಪ್ಪಿಕೊಳ್ಳುವ ಹುಡುಗಿ ನಾನಾಗಿರಲಿಲ್ಲ. ಸೋಮವಾರ ಪ್ರೋಗ್ರಾಮು ಶುರುವಾಗಬೇಕೆಂದು ಸಾಹೇಬರು ಹೇಳಿದ್ದರು. ಶುಕ್ರವಾರ ಸಂಜೆ ಬಸ್ಸಿಗೆ ಮುಂಚೆ 'ಇಂಥ ನಿಯಮವಿಲ್ಲ' ಎಂದು ನೀಲಿ ಶಾಯಿಯಲ್ಲಿ ಉತ್ತರ ಬರೆದು, ಆ ಷರಾದ ಮೇಲೆ ಗೆರೆಯನ್ನೂ ನಾನೇ ಎಳೆದುಬಿಟ್ಟೆ.

ಶನಿವಾರ ಕಾಕಾ ಬಂದು ಆ ಗೆರೆಯನ್ನು ನೋಡಿದರು. ಬೆರಳಿನಿಂದ ಅದರ ಮೇಲೆ ಒಮ್ಮೆ ಸವರಿದರು. ಏನಾದರೂ ಅಂದಾರು ಎಂದು ನಾನು ವಾದಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಸಭೆಯಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದು, ಚಹಾ ಕುಡಿದು ಹೋದರು.

ಹೊಸ ಪಟ್ಟಿ ನೋಟೀಸ್ ಬೋರ್ಡಿನ ಮೇಲೆ ಬಂದಾಗ ನಾನು ಹಿಗ್ಗಿ ಹೀರೇಕಾಯಿಯಾದೆ. ಒಂದು ವಾರದ ಕೈಕೆಲಸ, ಯಂತ್ರಕ್ಕೆ ಅರ್ಧ ಗಂಟೆ. ಕಾಕಾ ಹಾಜರಿ ಆಫೀಸಿನ ಕಿಟಕಿಯ ಹಿಂದೆ ಕೂತು, ತಡವಾಗಿ ಬಂದವರ ಚೀಟಿಗೆ ಸಿಕ್ಕೆ ಒತ್ತುತ್ತಿದ್ದರು. ಹೊಸ ಪ್ರೋಗ್ರಾಮಿಗೆ ಮೂರು ತಿಂಗಳು ತುಂಬುವವರೆಗೆ ಶನಿವಾರದ ಸಭೆಗೆ ಬರಬೇಕೆಂದು ಅವರಿಗೆ ಹುಕುಂ ಇತ್ತು, ಬರುತ್ತಿದ್ದರು. ಆದರೆ ಆಮೇಲೆ ಒಂದು ಷರಾ ಕೂಡ ಬರೆಯಲಿಲ್ಲ.

ನಾಲ್ಕನೇ ವಾರದ ಒಂದು ಸಂಜೆ ಕಂಪನಿ ಬಸ್ಸಿಗೆ ಕಾಯುತ್ತಾ ಸೈಕಲ್ ಸ್ಟ್ಯಾಂಡಿನ ನೆರಳಿಗೆ ಹೋದೆ. ಸೈಕಲ್ಲುಗಳ ಹಿಂದೆ, ಗೋಣಿಚೀಲ ಹಾಸಿಕೊಂಡು ಇಬ್ಬರು ಮಲಗಿದ್ದರು. ಮುಂಜಾನೆಯ ಪಾಳಿ ಬಿಟ್ಟು ಒಂದು ಗಂಟೆಯ ಮೇಲಾಗಿತ್ತು. ಕಾವಲುಗಾರ ಬಂದು ಲಾಠಿಯಿಂದ ಕಂಬಕ್ಕೆ ಬಡಿದು ಎಬ್ಬಿಸಿದ. ಎದ್ದವರಲ್ಲಿ ಒಬ್ಬ, ಮೂವತ್ತರ ಆಸುಪಾಸಿನವನು, ಕನ್ನಡದಲ್ಲಿ ಏನೋ ಗೊಣಗಿದ. ಪುಣೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಸುಮ್ಮನಿರುವುದು ನನ್ನಿಂದ ಆಗದು.

"ಇಲ್ಲ್ಯಾಕ ಮಲಗೀರಿ? ಮನಿಗೆ ಹೋಗಬಾರದ?" ಎಂದು ಕೇಳಿದೆ.

ಅವನು ಗಡಬಡಿಸಿ ಎದ್ದು ನಿಂತ. "ಮನಿ ಎಲ್ಲದ ರೀ ಅಕ್ಕಾರ. ರೂಮದ. ನಾಕ ಮಂದಿ ಮಲಗೂ ರೂಮು, ಆರ ಮಂದಿ ಇದ್ದೀವಿ."

"ಆರು ಮಂದಿ ಹೆಂಗ ಇರ್ತೀರಿ ಮತ್ತ?"

"ಮೊದಲ ಭಾಳ ಚಲೋ ಇದ್ವಿರಿ. ಯಾವಾಗ ನೋಡಿದ್ರೂ ಇಬ್ಬರು ಡ್ಯೂಟಿ ಮ್ಯಾಲ ಇರ್ತಿದ್ವಿ, ಮನ್ಯಾಗ ನಾಕ ಮಂದಿ. ಮಾಲಕಿನೂ ನಾಕ ಹಾಸಿಗಿಗೇ ಒಪ್ಯಾಳ್ರಿ, ಐದನೇದು ಕಂಡ್ರ ಸಾಮಾನ ಹೊರಗ ಒಗೀತಾಳ. ಈಗ ಅದೇನೋ ಕಂಪ್ಯೂಟರ್ ಬಂದದಂತ. ಆರೂ ಮಂದೀನ ಕೂಡೇ ಕರೀತದ, ಕೂಡೇ ಬಿಡ್ತದ. ರಾತ್ರಿ ಸರದಿ ಮ್ಯಾಲ ಇಬ್ಬರು ಹೊರಗ ಕುಂಡರತೀವಿ, ಅವರು ಹಗಲಿ ಇಲ್ಲಿ ಕಣ್ಣ ಮುಚ್ಚತಾರ."

ಪಕ್ಕದವನು ನಗುತ್ತಾ ಸೇರಿಸಿದ: "ನಿನ್ನಿ ಬಸ್ಸಿನ್ಯಾಗ ಮಲಗಿ ದೇಹೂ ರೋಡ್ ಕ್ಯಾಂಪ್ ಮುಟ್ಟಿದ್ದ ರೀ ಇವ. ಮಿಲಿಟ್ರಿಯವರು ಎಬ್ಬಿಸಿ ಕಳಿಸ್ಯಾರ."

ಮೊದಲನೆಯವನು ನಗಲಿಲ್ಲ. "ಹೋದ ವಾರ ಗ್ರೈಂಡಿಂಗ್ ಮಷಿನ್ ಮುಂದ ಕಣ್ಣ ಹತ್ತಿತ್ರೀ ಅಕ್ಕಾರ. ಮೆಮೊ ಕೊಟ್ಟಾರ. ಇನ್ನೊಂದು ಬಂತಂದ್ರ ಗೇಟಿನ ಹೊರಗ. ಊರಾಗ ಹೇಳಿಲ್ಲ ಇನ್ನ. ಆ ಮಷಿನ್ನಿಗಿ ನಮ್ಮ ಮ್ಯಾಲ ಏನ ಸಿಟ್ಟ ಅದನೋ, ತಿಳೀವಲ್ದು."

ಮಷಿನ್ನಿಗೆ ಸಿಟ್ಟಿಲ್ಲ, ತಪ್ಪು ನನ್ನದು ಎಂದು ಹೇಳಬೇಕಿತ್ತು. ಬದಲಿಗೆ ಅವನ ಟಿಕೆಟ್ ನಂಬರು ಕೇಳಿದೆ. ಅವನು ಹೇಳುವ ಮುಂಚೆಯೇ ನನಗೆ ಗೊತ್ತಿತ್ತು. ಆ ದಿನ ಬಸ್ಸಿನಲ್ಲಿ ನನಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಕಾಕಾನ ಮೇಲೆ ಕೋಪ ಬಂದಿತ್ತು. ಒಂದು ಸಾಲು ಕಾರಣ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮರುದಿನ ಬೆಳಿಗ್ಗೆ ಹಾಜರಿ ಆಫೀಸಿನ ಕಿಟಕಿಗೆ ಹೋಗಿ ಅದನ್ನೇ ಕೇಳಿದೆ. "ರೂಮಿನ ಸಂಗತಿ ನನಗ ಯಾಕ ಹೇಳಲಿಲ್ಲ ಕಾಕಾ? ಒಂದು ಸಾಲು ಬರದಿದ್ರ ನಾ ಗೆರೆ ಎಳೀತಿದ್ನೇನು?"

ಅವರು ಸಿಕ್ಕೆ ಕೆಳಗಿಟ್ಟು, ಸುತ್ತ ನೋಡಿ, ದನಿ ತಗ್ಗಿಸಿದರು. "ನಿಮ್ಮ ಕಾಗದ ಎಲ್ಲಿ ತೂಗಹಾಕ್ತೀರಿ? ಚಾದ ಟೇಬಲ್ ಮ್ಯಾಲ. ಸುಪರ್ವೈಸರ್ ಓದ್ತಾನ, ಪ್ಯೂನ್ ಓದ್ತಾನ. ಯಾರ ಮನ್ಯಾಗ ಎಷ್ಟ ಮಂದಿ ಮಲಗ್ತಾರ ಅಂತ ನಾ ಅಲ್ಲಿ ಬರಿಯೂದೇನು? ಆ ಮಂದಿ ನನ್ನ ಕಿವಿಗೆ ಹೇಳಿದ್ದು ಅದು."

"ಸಾಹೇಬರಿಗೆ ಹೇಳಬಹುದಿತ್ತು."

"ಹೇಳಿದ್ರ? ಹತ್ತೊಂಬತ್ತು ವರ್ಷ ನಿಯಮ ಬಿಟ್ಟು ತನಗ ತಿಳಿದಂಗ ಪಾಳಿ ಹಾಕ್ಯಾನ ಅಂತ ಚಾರ್ಜ್‌ಶೀಟ್ ಕೊಡ್ತಾರ. ಎರಡ ವರ್ಷದಾಗ ಪೆನ್ಶನ್ ಬರೂದದ ನನಗ. ಮಗಳ ಲಗ್ನ ಇನ್ನ ಆಗಿಲ್ಲ."

"ಷರಾ ಇನ್ನೊಮ್ಮೆ ಬರೀರಿ. ಈ ಸಲ ನಾ ಬರೋಬರಿ ಉತ್ತರ ಕೊಡ್ತೀನಿ" ಎಂದೆ.

"ನಾ ಬರಿಯೂದಿಲ್ಲ" ಎಂದರು ಕಾಕಾ. ದನಿಯಲ್ಲಿ ಕೋಪವಿರಲಿಲ್ಲ. "ಗೆರಿ ಎಳದವರು ನೀವು. ಬರಿಯೂದಿದ್ರ ನಿಮ್ಮ ಹೆಸರಿಲೆ ಬರೀರಿ. ನನ್ನ ಹೆಸರು ಎಲ್ಲೂ ಬರೂದು ಬ್ಯಾಡ."

ಒಮ್ಮೆ ಒಪ್ಪಿಗೆಯಾಗಿ ನಡೆಯುತ್ತಿದ್ದ ಪ್ರೋಗ್ರಾಮನ್ನು ಅದನ್ನು ಬರೆದವರೇ ಮತ್ತೆ ಕೋಲಿಗೆ ತೂಗುಹಾಕಿದ್ದು ನಮ್ಮ ಆಫೀಸಿನಲ್ಲಿ ಅದೇ ಮೊದಲು. ಷರಾ ಬರೆಯಲು ಕೂತಾಗ ಪೆನ್ಸಿಲ್ ಹಿಡಿದು ಬಹಳ ಹೊತ್ತು ಯೋಚಿಸಿದೆ. ಕಾರಣ ಬರೆದರೆ ಆ ಆರು ಜನರ ಮನೆಯ ಮಾತು ಬೀದಿಗೆ ಬರುತ್ತದೆ. ಬರೆಯದಿದ್ದರೆ ನಾನೇ ಮಾಡಿದ ನಿಯಮದ ಪ್ರಕಾರ ಅದು ಷರಾವೇ ಅಲ್ಲ. ಕೊನೆಗೆ ಆರು ನಂಬರು ಬರೆದು ಹೀಗೆ ಬರೆದೆ: 'ಇವರನ್ನು ಎರಡೆರಡಾಗಿ ಮೂರು ಪಾಳಿಗೆ ಹಾಕಬೇಕು. ಮೊದಲು ಹಾಗೇ ಇತ್ತು. ಇದನ್ನು ಹೇಳಿದ ಷರಾದ ಮೇಲೆ ಗೆರೆ ಎಳೆದದ್ದು ನಾನು, ಅದು ನನ್ನ ತಪ್ಪು. ಇವರಲ್ಲಿ ಒಬ್ಬರಿಗೆ ಕೊಟ್ಟ ಮೆಮೊ ನನ್ನ ಪ್ರೋಗ್ರಾಮಿಗೆ ಕೊಡಬೇಕಾದದ್ದು, ವಾಪಸ್ಸು ತೆಗೆದುಕೊಳ್ಳಬೇಕು. ಕಾರಣವನ್ನು ಬಾಯಲ್ಲಿ ಹೇಳುತ್ತೇನೆ.' ಕೆಳಗೆ ಸಹಿ ಮಾಡಿದೆ. ಪೂರ್ಣ ಸಹಿ.

ಮೂರು ದಿನ ಎಲ್ಲರೂ ಓದಿದರು. ಪಕ್ಕದ ಮೇಜಿನವನು, "ನಿಮ್ಮ ಪ್ರೋಗ್ರಾಮಿಗೆ ನೀವೇ ಷರಾ ಬರೆಯುವುದೆಂದರೆ ನಮಗಿನ್ನು ಏನು ಕೆಲಸ?" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾಗಿ ಬಡಿಸುತ್ತಿದ್ದೆ.

ಶನಿವಾರ ಸಾಹೇಬರು ಎಂದಿನಂತೆ ಕುರ್ಚಿಯನ್ನು ಗೋಡೆಗೆ ಒರಗಿಸಿ ಕೂತರು. ಕಾಕಾ ಬಾಗಿಲ ಪಕ್ಕ. ನನ್ನ ಷರಾವನ್ನು ಸಾಹೇಬರು ಎರಡು ಸಲ ಓದಿದರು. ನಮ್ಮ ಸಭೆ ನಡೆಯುತ್ತಿದ್ದುದು ಮರಾಠಿಯಲ್ಲಿ.

"ಕಾರಣ?" ಎಂದರು.

"ಇವರೆಲ್ಲ ಒಂದೇ ಕಡೆ ಇರುವವರು, ಸಾಹೇಬ್. ಒಟ್ಟಿಗೆ ಮಲಗಲು ಜಾಗವಿಲ್ಲ. ಪಾಳಿ ಬೇರೆಯಾದರೆ ಎಲ್ಲರಿಗೂ ನಿದ್ದೆ ಸಿಗುತ್ತದೆ. ಇಲ್ಲದಿದ್ದರೆ ಮಷಿನ್ ಮುಂದೆ ಕಣ್ಣು ಹತ್ತುತ್ತದೆ. ಒಬ್ಬನಿಗೆ ಆಗಲೇ ಹತ್ತಿದೆ. ಅಲ್ಲಿ ಕೈ ಹೋಗುವುದಕ್ಕೆ ಒಂದು ಕ್ಷಣ ಸಾಕು."

"ನಿಯಮ ಎಲ್ಲಿದೆ?"

"ನಿಯಮ ಇಲ್ಲ. ನಿಯಮ ಇಲ್ಲದೆ ಇಷ್ಟು ವರ್ಷ ನಡೆದುಬಂದಿದೆ."

"ನಡೆಸಿದವರು ಯಾರು?"

ನಾನು ಬಾಗಿಲ ಕಡೆ ನೋಡಬಾರದೆಂದು ಮೇಜಿನ ಮೇಲಿನ ಚಹಾದ ಕಪ್ಪನ್ನು ನೋಡುತ್ತಾ ಕೂತೆ. ನನ್ನನ್ನು ಕೆಲಸದಿಂದ ತೆಗೆದರೂ ಸರಿ, ಆ ಹೆಸರು ನನ್ನ ಬಾಯಿಂದ ಬರಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಸಾಹೇಬರು ಮತ್ತೆ ಕೇಳಿದರು. ಪಟ್ಟಿ ಬರೆಯುತ್ತಿದ್ದವರು ಯಾರೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ನಾನು ಬಾಯಿಬಿಟ್ಟು ಹೇಳಿದರೆ ಅದು ದೂರಾಗುತ್ತಿತ್ತು. ನಾನು, "ಅದು ಷರಾದ ವಿಷಯವಲ್ಲ ಸಾಹೇಬ್. ಷರಾ ಪ್ರೋಗ್ರಾಮಿನ ಬಗ್ಗೆ ಇರಬೇಕು, ಮನುಷ್ಯರ ಬಗ್ಗೆ ಅಲ್ಲ" ಎಂದೆ. ಸ್ವಲ್ಪ ಉದ್ಧಟತನವೇ ಆಯಿತು.

ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. "ನಾನು ನಡೆಸುತ್ತಿದ್ದೆ, ಸಾಹೇಬ್" ಎಂದರು ಕಾಕಾ. ಎದ್ದು ನಿಂತಿದ್ದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

ಸಾಹೇಬರು ಕುರ್ಚಿಯನ್ನು ನೆಟ್ಟಗೆ ಮಾಡಿಕೊಂಡರು. ಎಲ್ಲರ ಮನಸ್ಸಿನಲ್ಲಿದ್ದುದನ್ನು, ನನ್ನ ಮನಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಬಂದಿದ್ದುದನ್ನು, ಅವರು ಕೇಳಿದರು. "ನಿಮ್ಮ ಕಡೆಯವರು ಅಂತಲೋ?"

"ಅಲ್ಲ ಸಾಹೇಬ್. ಬಾಯಿಯವರು ಪರೀಕ್ಷೆಗೆ ಹಚ್ಚಿದ್ದ ಪಟ್ಟಿಯಲ್ಲಿ ಎರಕದ ವಿಭಾಗ ಒಂದೇ ಇತ್ತು. ಆ ವಿಭಾಗದಲ್ಲಿ ಇಂಥ ತೊಂದರೆ ಇದ್ದದ್ದು ಇವರಿಗೇ, ಅದಕ್ಕೆ ಇವರನ್ನೇ ಬರೆದೆ. ಇದೊಂದನ್ನು ಒಪ್ಪಿದರೆ ಉಳಿದವರದ್ದನ್ನೂ ಮೆಲ್ಲಗೆ ಹೇಳೋಣ ಅಂತಿದ್ದೆ."

"ಉಳಿದವರೆಂದರೆ?"

ಕಾಕಾ ನಿಂತಲ್ಲಿಂದಲೇ, ಕಾಗದವಿಲ್ಲದೆ, ನಂಬರು ಹೇಳಲು ಶುರುಮಾಡಿದರು. ಮೊದಲು ಕೊಂಕಣದ ಇಬ್ಬರು, ಇಬ್ಬರ ನಡುವೆ ಒಂದೇ ಸೈಕಲ್ಲು, ಒಟ್ಟಿಗೇ ಬಂದು ಒಟ್ಟಿಗೇ ಹೋಗಬೇಕು. ಸಾತಾರಾ ಕಡೆಯ ಅಣ್ಣತಮ್ಮಂದಿರು, ಮನೆಯಲ್ಲಿ ಕಣ್ಣು ಕಾಣದ ತಾಯಿ, ಒಬ್ಬರು ಯಾವಾಗಲೂ ಹತ್ತಿರ ಇರಬೇಕು. ಬಾವಿಯ ಜಗಳದಲ್ಲಿ ಮಾತು ಬಿಟ್ಟ ಇಬ್ಬರು, ಅವರನ್ನು ಒಂದೇ ಕ್ರೇನಿಗೆ ಹಾಕುವಂತಿಲ್ಲ. ಬಿಹಾರದ ಎಂಟು ಜನ, ಅವರದೂ ಒಂದು ಕೋಣೆಯ ಕಥೆಯೇ. ಸಾಹೇಬರು ನನ್ನ ಕಡೆ ತಿರುಗಿ, "ಬರೆದುಕೊಳ್ಳಿ" ಎಂದರು. ನಾನು ನಂಬರಿನ ಎದುರು ಕಾರಣವನ್ನೂ ಬರೆಯತೊಡಗಿದ್ದನ್ನು ಕಂಡು, "ನಂಬರು ಮಾತ್ರ. ಕಾರಣ ಅವರ ಹತ್ತಿರವೇ ಇರಲಿ" ಎಂದರು. ಆಮೇಲೆ ಪಕ್ಕದ ಮೇಜಿನವನಿಗೆ, ಎರಕದ ವಿಭಾಗದ ಮ್ಯಾನೇಜರಿಗೆ ಫೋನು ಹಚ್ಚಲು ಹೇಳಿದರು. ಆ ಮೆಮೊ ಸಂಜೆಯೊಳಗೆ ಹರಿದುಹೋಯಿತು. ಕಾಕಾಗೆ ಚಾರ್ಜ್‌ಶೀಟ್ ಬರಲಿಲ್ಲ.

ಆದರೆ ಅದು ಆಮೇಲಿನ ಮಾತು. ಆಗ ನಾನು ಬರೆಯುತ್ತಲೇ ಇದ್ದೆ. ಹದಿನೈದು ಗುಂಪಾಯಿತು, ಇಪ್ಪತ್ತಾಯಿತು. ನಮ್ಮ ಕಡೆಯವರು ಅಲ್ಲೊಬ್ಬರು ಇಲ್ಲೊಬ್ಬರು, ಅಷ್ಟೇ. ಹತ್ತೊಂಬತ್ತು ವರ್ಷ ಇಡೀ ಕಾರ್ಖಾನೆಯ ನಿದ್ದೆಯನ್ನು ತಲೆಯಲ್ಲಿಟ್ಟುಕೊಂಡು ತಿರುಗಿದ ಮನುಷ್ಯನನ್ನು ನಾನು ಒಂದು ಪುಟದ ಪಟ್ಟಿ ನೋಡಿ ಅಳೆದಿದ್ದೆ, ಆ ಪುಟವನ್ನು ಆರಿಸಿದವಳೂ ನಾನೇ. ಕಣ್ಣು ಮಂಜಾಗಿ ನಂಬರು ಕಾಣದಾಯಿತು. ಪೆನ್ನು ಕೆಳಗಿಟ್ಟು, ಆ ಮರಾಠಿ ಸಭೆಯ ನಡುವೆ ಕನ್ನಡದಲ್ಲೇ ಕೇಳಿದೆ: "ಕಾಕಾ, ನಾ ನಿಮ್ಮ ಮ್ಯಾಲ ಸಂಶಯ ಪಟ್ಟೆ. ನನ್ನನ್ನ ಕ್ಷಮಿಸ್ತೀರೇನು?"

ಅವರು ಟೋಪಿಯನ್ನು ತಲೆಗೆ ಹಾಕಿಕೊಂಡರು. ಅಲ್ಲಿಯವರೆಗೆ ಬಾಯಾರ ಎನ್ನುತ್ತಿದ್ದವರು ಅಂದು ಮೊದಲ ಸಲ ಬೇರೆ ಹೆಸರಿನಿಂದ ಕರೆದರು.

"ಮುಂದಿನ ನಂಬರು ಬರಕೋ ತಂಗಿ" ಎಂದರು. "ಇನ್ನೂ ಭಾಳ ಮಂದಿ ಮಲಗೂದದ."